ಹಿತ್ತಲಿನ ಈಜುಕೊಳ: ಕ್ಲೋರಿನ್ ಸಾಕಷ್ಟಿದೆ ಎಂದು ಪರೀಕ್ಷಾ ಪಟ್ಟಿ ಹೇಳುತ್ತಿದ್ದರೂ ನೀರು ಹಸಿರಾಗುವುದೇಕೆ?

ಪ್ರಶ್ನೆ: ತುಂಗಾತೀರ (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿತ್ತಲಲ್ಲಿ, ಉಕ್ಕಿನ ಚೌಕಟ್ಟಿಗೆ ದಪ್ಪ ವಿನೈಲ್ ಹಾಳೆಯನ್ನು ಬಿಗಿದು ನೆಲದ ಮೇಲೆಯೇ ನಿಲ್ಲಿಸುವ ಬಗೆಯ ದುಂಡನೆಯ ಈಜುಕೊಳವಿದೆ. ಅಡ್ಡಳತೆ 18 ಅಡಿ, ಗೋಡೆಯ ಎತ್ತರ 4 ಅಡಿ, ನೀರು ನಿಲ್ಲುವುದು ಮೂರೂವರೆ ಅಡಿ. ಇಲ್ಲಿಯವರ ರೂಢಿಯಂತೆ ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಯ ಹೊತ್ತಿಗೆ ನೀರು ತುಂಬಿಸಿ, ಸೆಪ್ಟೆಂಬರಿನ ಲೇಬರ್ ಡೇ ಕಳೆದ ಮೇಲೆ ಖಾಲಿ ಮಾಡಿ, ಒಣಗಿಸಿ, ಮಡಚಿ ಗ್ಯಾರೇಜಿನಲ್ಲಿ ಇಡುತ್ತೇವೆ.

ಈ ವರ್ಷ ಮೊದಲ ಐದಾರು ವಾರ ನೀರು ಗಾಜಿನಂತಿತ್ತು. ತೇಲುವ ಡಬ್ಬಿಯಲ್ಲಿ ವಾರಕ್ಕೆ ಮೂರರಂತೆ ಮೂರು ಇಂಚಿನ ಕ್ಲೋರಿನ್ ಬಿಲ್ಲೆಗಳನ್ನು ಹಾಕುತ್ತಿದ್ದೆ, ಅಷ್ಟೇ ನನ್ನ ಆರೈಕೆ. ಜುಲೈ ನಡುವಿನಿಂದ ಈಚೆಗೆ ಒಳಗಿನ ಗೋಡೆಗೆ ಕೈಯಿಟ್ಟರೆ ಲೋಳೆಲೋಳೆಯಾಗಿ ಜಾರುತ್ತದೆ, ಬೆಳಿಗ್ಗೆ ನೋಡಿದರೆ ನೀರಿಗೆ ಎಳನೀರಿನ ಸಿಪ್ಪೆಯಂಥ ತೆಳು ಹಸಿರು ಬಣ್ಣ ಬಂದಿರುತ್ತದೆ. ಆದರೆ ನೀರಿನಲ್ಲಿ ಅದ್ದಿ ಬಣ್ಣ ಹೋಲಿಸುವ ಪರೀಕ್ಷಾ ಪಟ್ಟಿಯಲ್ಲಿ ಕ್ಲೋರಿನ್ 3ರಿಂದ 5 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ) ಎಂದೇ ಬರುತ್ತಿದೆ. ಊರಿನ ಪೂಲ್ ಅಂಗಡಿಗೆ ಸೀಸೆಯಲ್ಲಿ ನೀರು ಒಯ್ದಾಗ, ಎಲ್ಲವೂ ಸರಿಯಿದೆ ಎಂದು ಹೇಳಿ, ಆದರೂ ಇರಲಿ ಎಂದು ಒಮ್ಮೆಲೇ ಹೆಚ್ಚು ಕ್ಲೋರಿನ್ ಕೊಡುವ ‘ಶಾಕ್’ ಪುಡಿಯ ಒಂದೊಂದು ಪೌಂಡಿನ ನಾಲ್ಕು ಚೀಲಗಳನ್ನು ಕೊಟ್ಟರು. ಚೀಲದ ಹಿಂಬದಿಯಲ್ಲಿ ಸೋಡಿಯಂ ಡೈಕ್ಲೋರ್ ಎಂದಿತ್ತು. ಅದನ್ನು ಹಾಕಿದಾಗ ಎರಡು ದಿನ ತಿಳಿಯಾದ ನೀರು ಮೂರನೆಯ ದಿನ ಮತ್ತೆ ಮೊದಲಿನ ಬಣ್ಣಕ್ಕೇ ಮರಳಿತು.

ಮನೆಯಲ್ಲಿ ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. 2024ರಲ್ಲಿ ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದಿಂದ ಮಕ್ಕಳು ತೀರಿಕೊಂಡ ಸುದ್ದಿಯನ್ನು ಓದಿದ ಮೇಲೆ ಶಿವಮೊಗ್ಗದಲ್ಲಿರುವ ನನ್ನ ಅಮ್ಮ ಪ್ರತಿ ಫೋನಿನಲ್ಲೂ ಕೊಳದ ವಿಚಾರವನ್ನೇ ಎತ್ತುತ್ತಾರೆ. ಬೇಸಿಗೆಗೆ ಬಂದಿರುವ ನನ್ನ ಮಾವನವರು, ಬಾವಿಗೆ ಹಾಕುತ್ತಿದ್ದ ಬ್ಲೀಚಿಂಗ್ ಪೌಡರನ್ನೇ ಎರಡು ಹಿಡಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಪಟ್ಟಿಯ ಪ್ರಕಾರ ಕ್ಲೋರಿನ್ ಇದೆ, ಕಣ್ಣಿನ ಪ್ರಕಾರ ಪಾಚಿಯೂ ಇದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು, ಈಗ ಮಾಡಬೇಕಾದ್ದೇನು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಸದ್ಯ ಮಕ್ಕಳನ್ನು ನೀರಿಗೆ ಬಿಡುತ್ತಿಲ್ಲ.

ಉತ್ತರ: ಕೊಡಚಾದ್ರಿ (ಕನೆಕ್ಟಿಕಟ್)

ತುಂಗಾತೀರ ಅವರೇ, ಕಣ್ಣನ್ನೇ ನಂಬಿ. ಪಟ್ಟಿಯೂ ಸುಳ್ಳು ಹೇಳುತ್ತಿಲ್ಲ, ಅರ್ಧ ಮಾತನ್ನಷ್ಟೇ ಹೇಳುತ್ತಿದೆ. ನಾನೂ ಎರಡು ಬೇಸಿಗೆ ಇದೇ ಹಳ್ಳಕ್ಕೆ ಬಿದ್ದು ಎದ್ದವನಾದ್ದರಿಂದ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ನೀರಿನ ಪ್ರಮಾಣ. ದುಂಡು ಕೊಳವಾದರೆ ಅಡಿಗಳಲ್ಲಿರುವ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ಆಮೇಲೆ ನೀರಿನ ಆಳದಿಂದ ಗುಣಿಸಿ, ಕೊನೆಗೆ 5.9ರಿಂದ ಗುಣಿಸಿದರೆ ಗ್ಯಾಲನ್ ಲೆಕ್ಕ ಸಿಗುತ್ತದೆ. ನಿಮ್ಮದು ಸುಮಾರು 6,700 ಗ್ಯಾಲನ್, ಅಂದರೆ 25,000 ಲೀಟರಿಗಿಂತ ತುಸು ಹೆಚ್ಚು. ಈ ಸಂಖ್ಯೆಯನ್ನು ಪಂಪಿನ ಮೇಲೆ ಬರೆದು ಅಂಟಿಸಿಡಿ, ಮುಂದಿನ ಯಾವ ಲೆಕ್ಕವೂ ಇದಿಲ್ಲದೆ ನಡೆಯುವುದಿಲ್ಲ.

ನೀವು ಹಾಕುತ್ತಿದ್ದ ಬಿಲ್ಲೆಗಳು ಟ್ರೈಕ್ಲೋರ್. ಅದರಲ್ಲಿ ಕ್ಲೋರಿನ್ ಒಂಟಿಯಾಗಿ ಬರುವುದಿಲ್ಲ, ಸಯನ್ಯೂರಿಕ್ ಆಮ್ಲವನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ. ಅಂಗಡಿಯವರು ಸ್ಟೆಬಿಲೈಸರ್ ಅಥವಾ ಕಂಡೀಷನರ್ ಎನ್ನುವುದೂ ಇದನ್ನೇ. ಇದು ಕ್ಲೋರಿನ್ನಿಗೆ ಬಿಸಿಲಿನಲ್ಲಿ ಹಿಡಿಯುವ ಕೊಡೆ ಇದ್ದಂತೆ. ಇದಿಲ್ಲದ ನೀರಿನಲ್ಲಿ ನಡುಹಗಲ ಬಿಸಿಲು ಎರಡು ಗಂಟೆಯೊಳಗೆ ಬಹುಪಾಲು ಕ್ಲೋರಿನ್ನನ್ನು ಮುಗಿಸಿಬಿಡುತ್ತದೆ. ಆದ್ದರಿಂದ 30ರಿಂದ 50 ಪಿಪಿಎಂವರೆಗೆ ಅದು ಇರಲೇಬೇಕು. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ಕ್ಲೋರಿನ್ ದಿನದಿನವೂ ಖರ್ಚಾಗುತ್ತದೆ, ಆದರೆ ಈ ಆಮ್ಲ ಖರ್ಚಾಗುವುದಿಲ್ಲ. ಅದು ಆವಿಯಾಗಿ ಹೋಗುವುದಿಲ್ಲ, ಫಿಲ್ಟರಿಗೂ ಸಿಕ್ಕುವುದಿಲ್ಲ; ಒಂದು ಬೇಸಿಗೆಯ ಮಟ್ಟಿಗೆ ಹೇಳುವುದಾದರೆ, ನೀರು ಕೊಳದಿಂದ ಹೊರಗೆ ಹೋದಾಗ ಮಾತ್ರ ಅದೂ ಹೋಗುತ್ತದೆ.

ಎಂಟು ಔನ್ಸಿನ ಒಂದು ಬಿಲ್ಲೆ ನಿಮ್ಮ ಕೊಳದಲ್ಲಿ ಪೂರ್ತಿ ಕರಗಿದರೆ ಸುಮಾರು 8 ಪಿಪಿಎಂ ಕ್ಲೋರಿನ್ ಕೊಟ್ಟು, ಹಿಂದೆ ಸುಮಾರು 5 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನು ಉಳಿಸಿ ಹೋಗುತ್ತದೆ. ವಾರಕ್ಕೆ ಮೂರರಂತೆ ಎಂಟು ವಾರಕ್ಕೆ 24 ಬಿಲ್ಲೆಗಳಾದವು, ಅಲ್ಲಿಗೆ 120. ಅಂಗಡಿಯವರು ಕೊಟ್ಟ ಡೈಕ್ಲೋರ್ ಪುಡಿಯಲ್ಲಿಯೂ ಇದೇ ಆಮ್ಲ ಇರುವುದರಿಂದ ಒಂದೊಂದು ಚೀಲಕ್ಕೂ ಸುಮಾರು 9ರಂತೆ ಇನ್ನೂ 36. ಮಕ್ಕಳು ಎರಚಾಡಿದ್ದು, ಮಳೆಗೆ ತುಂಬಿ ಹರಿದದ್ದು ಎಂದು ಸ್ವಲ್ಪ ಕಳೆದರೂ ನಿಮ್ಮ ನೀರಿನಲ್ಲಿ ಈಗ 150ರ ಆಸುಪಾಸಿನಲ್ಲಿರಬೇಕು ಎಂಬುದು ನನ್ನ ಅಂದಾಜು. ಕೊಡೆ ಹೋಗಿ ಕಂಬಳಿಯಾಗಿದೆ ಎನ್ನಿ. ಕ್ಲೋರಿನ್ ಅದರೊಳಗೆ ಮುದುರಿಕೊಂಡು ಕೂತಿದೆ, ಪಾಚಿ ಹೊರಗೆ ಹಾಯಾಗಿ ಬೆಳೆಯುತ್ತಿದೆ. ಪಟ್ಟಿಯಾದರೋ ಆಮ್ಲಕ್ಕೆ ಅಂಟಿಕೊಂಡಿರುವ ಕ್ಲೋರಿನ್ನನ್ನೂ ‘ಫ್ರೀ ಕ್ಲೋರಿನ್’ (ಕೊಳೆಯೊಂದಿಗೆ ಕೂಡಿಹೋಗದೆ ಉಳಿದ ಕ್ಲೋರಿನ್) ಎಂದೇ ಎಣಿಸುತ್ತದೆ.

ಕೊಳ ನೋಡಿಕೊಳ್ಳುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕವೆಂದರೆ, ಫ್ರೀ ಕ್ಲೋರಿನ್ ಯಾವಾಗಲೂ ಸಯನ್ಯೂರಿಕ್ ಆಮ್ಲದ ಶೇಕಡ 7.5ಕ್ಕಿಂತ ಕೆಳಗೆ ಇಳಿಯಬಾರದು. ಆಮ್ಲ 40 ಇದ್ದರೆ 3 ಪಿಪಿಎಂ ಸಾಕು. ಅದು 150 ಇದ್ದರೆ 11 ಬೇಕು. ನೀವು 3ರಿಂದ 5ರಲ್ಲಿ ನಿಂತಿದ್ದೀರಿ.

ಹಾಗಾಗಿ ಇನ್ನಷ್ಟು ಶಾಕ್ ಪುಡಿಗೆ ದುಡ್ಡು ಹಾಕುವ ಬದಲು ಹನಿ ಹಾಕಿ ಎಣಿಸುವ ಪರೀಕ್ಷಾ ಪೆಟ್ಟಿಗೆಯೊಂದನ್ನು ಕೊಳ್ಳಿ. ನಾನು ಬಳಸುವುದು ಟೇಲರ್ ಕೆ-2006. ಅದರಲ್ಲಿ ಒಂದು ಪುಡಿ ಹಾಕಿದಾಗ ನೀರು ಗುಲಾಬಿಯಾಗುತ್ತದೆ, ಆಮೇಲೆ ಆ ಬಣ್ಣ ಪೂರ್ತಿ ಹೋಗುವವರೆಗೆ ಹನಿಗಳನ್ನು ಎಣಿಸಬೇಕು. ಹತ್ತು ಮಿಲಿಲೀಟರ್ ನೀರಿಗೆ ಒಂದೊಂದು ಹನಿಯೂ ಅರ್ಧ ಪಿಪಿಎಂ. ಸಯನ್ಯೂರಿಕ್ ಆಮ್ಲದ ಪರೀಕ್ಷೆ ಇನ್ನೂ ಸೊಗಸು. ನೀರಿಗೆ ದ್ರಾವಣ ಬೆರೆಸಿದಾಗ ಅದು ಹಾಲು ಬೆರೆತಂತೆ ಮಸುಕಾಗುತ್ತದೆ. ಅದನ್ನು ತಳದಲ್ಲಿ ಕಪ್ಪು ಚುಕ್ಕಿಯಿರುವ ಕೊಳವೆಗೆ ಸುರಿಯುತ್ತ ಹೋಗಿ, ಚುಕ್ಕಿ ಕಣ್ಮರೆಯಾದ ಎತ್ತರದಲ್ಲಿರುವ ಅಂಕಿಯನ್ನು ಓದಬೇಕು. ಅದರ ಗೆರೆಗಳು 100ಕ್ಕೆ ಮುಗಿಯುವುದರಿಂದ ನಿಮ್ಮ ನೀರಿಗೆ ಅಷ್ಟೇ ಪ್ರಮಾಣದ ನಲ್ಲಿ ನೀರು ಬೆರೆಸಿ ಪರೀಕ್ಷಿಸಿ, ಬಂದದ್ದನ್ನು ಎರಡರಿಂದ ಗುಣಿಸಿಕೊಳ್ಳಿ.

ನನ್ನ ಅಂದಾಜು ಸರಿಯಿದ್ದರೆ ನೀರು ಬದಲಿಸದೆ ಬೇರೆ ದಾರಿಯಿಲ್ಲ. ಪೂರ್ತಿ ಖಾಲಿ ಮಾಡಬೇಡಿ. ಗಾಳಿ ಬೀಸಿದರೆ ಚೌಕಟ್ಟು ಅಲುಗಾಡುತ್ತದೆ, ತಳದ ಹಾಳೆಯೂ ಸುಕ್ಕುಗಟ್ಟುತ್ತದೆ. ಒಂದು ಅಡಿ ನೀರು ಉಳಿಸಿ ಮಿಕ್ಕದ್ದನ್ನು ಹೊಸದಾಗಿ ತುಂಬಿಸಿದರೆ 150 ಇದ್ದದ್ದು ಸುಮಾರು 43ಕ್ಕೆ ಇಳಿಯುತ್ತದೆ, ನಿಮಗೆ ಬೇಕಾದದ್ದೂ ಅಷ್ಟೇ. ಆಮೇಲೆ ಮೊದಲು ಪಿಎಚ್ ಅನ್ನು (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) 7.2ಕ್ಕೆ ತಂದುಕೊಳ್ಳಿ, ಏಕೆಂದರೆ ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಪರೀಕ್ಷೆಯ ಬಣ್ಣವನ್ನು ನಂಬಲಾಗುವುದಿಲ್ಲ. ಅನಂತರ ಶೇಕಡ 10ರ ದ್ರವ ಕ್ಲೋರಿನ್ನಿನಿಂದ ಫ್ರೀ ಕ್ಲೋರಿನ್ನನ್ನು ಆಮ್ಲದ ಶೇಕಡ 40ರಷ್ಟಕ್ಕೆ, ಅಂದರೆ 17 ಪಿಪಿಎಂಗೆ ಏರಿಸಿ. ನಿಮ್ಮ ಕೊಳಕ್ಕೆ ಅದು ನಾಲ್ಕೂಕಾಲು ಲೀಟರಿನಷ್ಟಾಗುತ್ತದೆ. ಒಂದು ಸಲ ಏರಿಸಿ ಮಲಗಿದರೆ ಆಗಲಿಲ್ಲ. ಎರಡು ಮೂರು ಗಂಟೆಗೊಮ್ಮೆ ಅಳೆದು, ಪಾಚಿ ತಿಂದುಹಾಕಿದಷ್ಟನ್ನು ಮತ್ತೆ ತುಂಬುತ್ತ, ಪಂಪನ್ನು ಹಗಲೂ ರಾತ್ರಿಯೂ ಓಡಿಸುತ್ತ, ಗೋಡೆ, ತಳ, ಏಣಿಯ ಮೆಟ್ಟಿಲಿನ ಅಡಿಯನ್ನೆಲ್ಲ ಬ್ರಷ್ಷಿನಿಂದ ತಿಕ್ಕುತ್ತ, ಫಿಲ್ಟರಿನ ಕಾಗದದ ಉರುಳೆಯನ್ನು ದಿನಕ್ಕೆರಡು ಸಲ ತೊಳೆಯುತ್ತ ಇರಬೇಕು.

ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಮೂರು ಗುರುತುಗಳಿವೆ. ನೀರು ತಿಳಿಯಾಗಿರಬೇಕು, ಕೊಳೆಯೊಂದಿಗೆ ಕೂಡಿಹೋದ ಕಂಬೈನ್ಡ್ ಕ್ಲೋರಿನ್ ಅರ್ಧ ಪಿಪಿಎಂ ಮೀರಬಾರದು, ಸೂರ್ಯ ಮುಳುಗಿದ ಮೇಲೆ ಅಳೆದದ್ದಕ್ಕೂ ಹುಟ್ಟುವ ಮೊದಲು ಅಳೆದದ್ದಕ್ಕೂ ಒಂದು ಪಿಪಿಎಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ರಾತ್ರಿ ಬಿಸಿಲಿಲ್ಲದಿದ್ದರೂ ಕ್ಲೋರಿನ್ ಕರಗಿದೆಯೆಂದರೆ ಒಳಗೆ ಏನೋ ಇನ್ನೂ ಬದುಕಿದೆ ಎಂದರ್ಥ.

ಉತ್ತರ: ಸವಿಬೆಲ್ಲ (ಫ್ಲೋರಿಡಾ)

ಇಷ್ಟು ಕಷ್ಟಪಡಬೇಕೆಂದು ನನಗನ್ನಿಸುವುದಿಲ್ಲ. ತಾಮ್ರ ಬೆರೆತ ಪಾಚಿನಾಶಕವನ್ನು ತಿಂಗಳಿಗೊಮ್ಮೆ ಹಾಕಿದರೆ ಹಸಿರು ಮತ್ತೆ ತಲೆ ಎತ್ತುವುದಿಲ್ಲ, ನೀರನ್ನು ಚೆಲ್ಲುವ ಅಗತ್ಯವೂ ಇರುವುದಿಲ್ಲ. ಅಲ್ಲದೆ 17 ಪಿಪಿಎಂ ಎಂದರೆ ಮಕ್ಕಳ ಕಣ್ಣಿನ ಗತಿಯೇನು? ನಮ್ಮ ಅಪಾರ್ಟ್‌ಮೆಂಟಿನ ಒಳಾಂಗಣ ಕೊಳದಲ್ಲಿ ಕ್ಲೋರಿನ್ ಎಷ್ಟು ಸುರಿಯುತ್ತಾರೆಂದರೆ, ಬಾಗಿಲು ತೆಗೆಯುತ್ತಿದ್ದಂತೆಯೇ ಮೂಗಿಗೆ ಘಾಟು ಅಡರುತ್ತದೆ, ಹೊರಗೆ ಬಂದಾಗ ಕಣ್ಣು ಕೆಂಡವಾಗಿರುತ್ತವೆ.

ಉತ್ತರ: ನೀರುಗಂಟಿ (ಮೈಸೂರು, ಸದ್ಯ ಮಗಳ ಮನೆ, ಇಲಿನಾಯ್)

ನಾನು ನೀರು ಸರಬರಾಜಿನ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಳೆದು ನಿವೃತ್ತನಾದವನು. ಈಜುಕೊಳದ ಅನುಭವ ಕಡಿಮೆಯಾದರೂ ಕ್ಲೋರಿನ್ನಿನ ಒಡನಾಟ ಜಾಸ್ತಿ.

ಸವಿಬೆಲ್ಲ ಅವರು ಹೇಳಿದ ಘಾಟಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ತಪ್ಪು ತಿಳಿವಳಿಕೆ ಬಹಳ ಮಂದಿಗಿದೆ. ಮೂಗಿಗೆ ಹೊಡೆಯುವುದು ಮತ್ತು ಕಣ್ಣು ಉರಿಸುವುದು ಸಾಮಾನ್ಯವಾಗಿ ಶುದ್ಧ ಕ್ಲೋರಿನ್ ಅಲ್ಲ. ಬೆವರು, ಮೂತ್ರ ಮುಂತಾದವುಗಳಲ್ಲಿರುವ ಸಾರಜನಕದ ಅಂಶಗಳೊಡನೆ ಕ್ಲೋರಿನ್ ಕೂಡಿ ಆಗುವ ಕ್ಲೋರಮೈನುಗಳು ಆ ಘಾಟಿಗೆ ಕಾರಣ. ಕೊಡಚಾದ್ರಿಯವರು ಕಂಬೈನ್ಡ್ ಕ್ಲೋರಿನ್ ಎಂದದ್ದು ಇದನ್ನೇ. ಛಾವಣಿಯಿರುವ ಕೊಳದಲ್ಲಿ ಅದು ಗಾಳಿಗೆ ಹಾರಿಹೋಗಲು ದಾರಿಯಿಲ್ಲದೆ ನೀರಿನ ಮೇಲೆಯೇ ತೂಗಾಡುತ್ತಿರುತ್ತದೆ. ಘಾಟು ಜೋರಾಗಿದ್ದರೆ ಅಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸಾಲದು, ಕೊಳೆ ಹೆಚ್ಚಾಗಿದೆ ಎಂದು ತಿಳಿಯುವುದು ಲೇಸು. ಹಾಗೆಂದು 17 ಪಿಪಿಎಂ ಇರುವಾಗ ಯಾರೂ ನೀರಿಗಿಳಿಯಬೇಕಾಗಿಲ್ಲ. ಅದು ಚಿಕಿತ್ಸೆಯ ಮಟ್ಟ, ಮಟ್ಟ ಇಳಿದ ಮೇಲೆ, ಕ್ಯಾನಿನ ಲೇಬಲ್ಲಿನಲ್ಲಿ ಹೇಳಿದ ಮಿತಿಯೊಳಗೆ ಬಂದ ಮೇಲೆ ಇಳಿದರಾಯಿತು. ತಾಮ್ರವು ಪಾಚಿಯನ್ನು ತಡೆಯುತ್ತದೆ, ನಿಜ. ಆದರೆ ಅಂಗೈಯಗಲದ ನೀರಿನಲ್ಲಿ ಒಬ್ಬ ಮಗುವಿನಿಂದ ಇನ್ನೊಬ್ಬ ಮಗುವಿಗೆ ರೋಗಾಣು ದಾಟುವ ಮುನ್ನ ಅದನ್ನು ಕೊಲ್ಲುವಷ್ಟು ಚುರುಕು ತಾಮ್ರಕ್ಕಿಲ್ಲ. ಮೇಲಾಗಿ ಅದು ಹಾಳೆಯ ಮೇಲೆ ಕಲೆ ಕೂರಿಸುತ್ತದೆ, ತಿಳಿಬಣ್ಣದ ಕೂದಲನ್ನು ಹಸಿರಾಗಿಸುತ್ತದೆ.

ಕ್ಲೋರಿನ್ ನೀರಿಗೆ ಬಿದ್ದೊಡನೆ ಎರಡು ರೂಪ ತಾಳುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ, ಅದು ಕೊಲ್ಲುವ ರೂಪ. ಇನ್ನೊಂದು ಹೈಪೋಕ್ಲೋರೈಟ್ ಅಯಾನು, ಅದು ಬಲು ಸೋಮಾರಿ. ಯಾವುದು ಎಷ್ಟಿರಬೇಕೆಂದು ತೀರ್ಮಾನಿಸುವುದು ಪಿಎಚ್. ಸಯನ್ಯೂರಿಕ್ ಆಮ್ಲವಿಲ್ಲದ ನೀರಿನಲ್ಲಿ ಪಿಎಚ್ 7.2 ಇದ್ದರೆ ಮೂರರಲ್ಲಿ ಎರಡು ಪಾಲು ಚುರುಕು ರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧ, 8ಕ್ಕೆ ಏರಿದರೆ ಕಾಲು ಪಾಲು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯು ಮನೆಯ ಕೊಳಗಳಿಗೂ ಪಿಎಚ್ 7.0ರಿಂದ 7.8ರೊಳಗೆ, ಕ್ಲೋರಿನ್ ಕನಿಷ್ಠ 1 ಪಿಪಿಎಂ, ಸಯನ್ಯೂರಿಕ್ ಆಮ್ಲ ಬಳಸುತ್ತಿದ್ದರೆ ಕನಿಷ್ಠ 2 ಪಿಪಿಎಂ ಇರಲಿ ಎನ್ನುತ್ತದೆ.

ಯಾವ ರೋಗಾಣು ಎಷ್ಟು ಹೊತ್ತಿಗೆ ಸಾಯುತ್ತದೆ ಎಂಬುದನ್ನೂ ಸಿಡಿಸಿ ಕೊಟ್ಟಿದೆ. ಒಂದು ಪಿಪಿಎಂ ಕ್ಲೋರಿನ್, 7.5 ಪಿಎಚ್, 25 ಡಿಗ್ರಿ ಸೆಲ್ಸಿಯಸ್ ಇರುವ ನೀರಿನಲ್ಲಿ ರಕ್ತಭೇದಿ ತರುವ ಇ. ಕೋಲಿ ಒಂದು ನಿಮಿಷವೂ ಬದುಕುವುದಿಲ್ಲ. ಕಾಮಾಲೆಯ ಹೆಪಟೈಟಿಸ್ ಎ ವೈರಾಣುವಿಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಗೆ ಸುಮಾರು 45 ನಿಮಿಷ ಬೇಕು. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಗೆ ಮಾತ್ರ 15,300 ನಿಮಿಷ, ಅಂದರೆ ಹತ್ತು ದಿನಕ್ಕೂ ಮಿಕ್ಕಿ. ಇವೆಲ್ಲ ಸಯನ್ಯೂರಿಕ್ ಆಮ್ಲವಿಲ್ಲದ ನೀರಿನ ಲೆಕ್ಕ; ಅದು ಹೆಚ್ಚಿದಷ್ಟೂ ಈ ಹೊತ್ತು ಉದ್ದವಾಗುತ್ತ ಹೋಗುತ್ತದೆ. ಹಸಿರು ಬಣ್ಣ ನೋಡಿ ಗಾಬರಿಯಾಗುವುದಕ್ಕಿಂತ ಈ ಅಂಶಕ್ಕೆ ಹೆಚ್ಚು ಹೆದರಬೇಕು, ಪಾಚಿ ತಾನಾಗಿ ಯಾರಿಗೂ ಭೇದಿ ಹಿಡಿಸುವುದಿಲ್ಲ. ಅದು ಬೆಳೆದಿದೆ ಎಂದರೆ ಕಾವಲುಗಾರ ನಿದ್ದೆ ಮಾಡಿದ್ದಾನೆ ಎಂದಷ್ಟೇ ತಿಳಿಯಬೇಕು.

ತುಂಗಾತೀರ ಅವರ ತಾಯಿಯವರಿಗೆ ಒಂದು ಮಾತು. ಆ ಅಮೀಬಾದ ಹೆಸರು ನೇಗ್ಲೇರಿಯಾ ಫೌಲೆರಿ. ಬೆಚ್ಚನೆಯ ಸಿಹಿನೀರಿನ ಕೆರೆ, ಕೊಳ, ಹೊಂಡಗಳಲ್ಲಿ ಇರುತ್ತದೆ. ಕುಡಿದರೆ ಏನೂ ಮಾಡದು, ಮೂಗಿನ ಮೂಲಕ ಹೋದರೆ ಮಾತ್ರ ಮಿದುಳಿಗೆ ಏರುತ್ತದೆ. ಕ್ಲೋರಿನ್ ಬಿಡದೆ ಕಾಯ್ದುಕೊಂಡ ನೀರಿನಲ್ಲಿ ಅದು ಉಳಿಯುವುದಿಲ್ಲ. ಕ್ಲೋರಿನ್ ಕೆಲಸ ಮಾಡದ, ಬೆಚ್ಚಗಿನ, ಲೋಳೆ ಕಟ್ಟಿದ ನೀರಿನಿಂದ ಮಕ್ಕಳನ್ನು ದೂರ ಇಟ್ಟಿದ್ದು ಸರಿಯಾಗಿಯೇ ಇದೆ.

ಇನ್ನು ಬ್ಲೀಚಿಂಗ್ ಪೌಡರು. ನಿಮ್ಮ ಮಾವನವರು ಹೇಳುವುದರಲ್ಲಿ ಅರ್ಥವಿದೆ, ನಾವೆಲ್ಲ ಅದನ್ನು ನಂಬಿಯೇ ಊರಿಗೆ ನೀರು ಕೊಟ್ಟವರು. ಆದರೆ ನಾವು ಎಂದೂ ಹಿಡಿ ಲೆಕ್ಕದಲ್ಲಿ ಹಾಕಲಿಲ್ಲ. ಹಾರಕ್ಸ್ ಉಪಕರಣ ಎಂಬ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಒಂದು ಕಪ್ಪು ಬಟ್ಟಲು, ಆರು ಬಿಳಿ ಬಟ್ಟಲುಗಳು, ಎರಡು ಗ್ರಾಂ ಹಿಡಿಯುವ ಚಮಚಗಳು. ಕಪ್ಪು ಬಟ್ಟಲಿನಲ್ಲಿ ಪೌಡರಿನ ದ್ರಾವಣ ಮಾಡಿ, ಬಾವಿಯ ನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಒಂದು ಹನಿ, ಎರಡು ಹನಿ, ಮೂರು ಹನಿ ಎಂದು ಏರಿಸುತ್ತ ಹಾಕಿ, ಅರ್ಧ ಗಂಟೆ ಬಿಟ್ಟು ಗಂಜಿ ಮತ್ತು ಅಯೋಡೈಡಿನ ಸೂಚಕ ಬಿಡುತ್ತಿದ್ದೆವು. ಮೂರನೆಯ ಬಟ್ಟಲಿನಲ್ಲಿ ಮೊದಲು ನೀಲಿ ಮೂಡಿದರೆ 455 ಲೀಟರಿಗೆ ಆರು ಗ್ರಾಂ ಪೌಡರು ಎಂದು ಲೆಕ್ಕ. ಮೊದಲೆರಡು ಬಟ್ಟಲುಗಳ ಕ್ಲೋರಿನ್ನನ್ನು ನೀರಿನ ಕೊಳೆಯೇ ನುಂಗಿಹಾಕಿರುತ್ತಿತ್ತು. ಅಳೆಯದೆ ಹಾಕಬಾರದು ಎನ್ನುವ ವಿಷಯದಲ್ಲಿ ಬಾವಿಗೂ ನಿಮ್ಮ ಕೊಳಕ್ಕೂ ಭೇದವಿಲ್ಲ. ಪೌಡರನ್ನೇ ನಾನು ಬೇಡವೆನ್ನುವುದು ಬೇರೆ ಕಾರಣಕ್ಕೆ: ಹೊಸದಾಗಿದ್ದಾಗಲೂ ಅದರಲ್ಲಿ ಸಿಗುವ ಕ್ಲೋರಿನ್ ಶೇಕಡ 33ರಷ್ಟು ಮಾತ್ರ, ಚೀಲ ತೆರೆದಿಟ್ಟರೆ ಇಳಿಯುತ್ತಲೇ ಹೋಗುತ್ತದೆ, ಉಳಿದದ್ದು ಸುಣ್ಣ. ಬಾವಿಯಲ್ಲಿ ಆ ಸುಣ್ಣ ತಳಕ್ಕೆ ಕೂರುತ್ತಿತ್ತು. ನಿಮ್ಮಲ್ಲಿ ನೀರನ್ನು ಮಸುಕುಮಾಡಿ ಫಿಲ್ಟರಿನ ಉರುಳೆಯನ್ನು ಕಟ್ಟಿಸಿಬಿಡುತ್ತದೆ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಪರೀಕ್ಷಾ ಪೆಟ್ಟಿಗೆ ಇಂದು ಬಂತು. ನಲ್ಲಿ ನೀರು ಬೆರೆಸಿ ಮಾಡಿದ ಪರೀಕ್ಷೆಯಲ್ಲಿ ಚುಕ್ಕಿ 70ರಲ್ಲಿ ಮರೆಯಾಯಿತು, ಎಂದರೆ 140. ಕೊಡಚಾದ್ರಿಯವರ ಅಂದಾಜಿಗೆ ಕೈಮುಗಿದೆ. ನಾಳೆ ನೀರು ಹೊರಹಾಕುತ್ತೇನೆ. ಉಳಿದಿರುವ ಅರ್ಧ ಬಕೆಟ್ ಬಿಲ್ಲೆಗಳನ್ನು ಏನು ಮಾಡಲಿ? ಅಂಗಡಿಯಲ್ಲಿ ದ್ರವ ಕ್ಲೋರಿನ್ ಸಿಗದಿದ್ದರೆ ಹರಳಿನ ರೂಪದ ಇನ್ನೊಂದು ಬಗೆಯ ಕ್ಲೋರಿನ್ ಆದ ಕ್ಯಾಲ್ಷಿಯಂ ಹೈಪೋಕ್ಲೋರೈಟನ್ನು ಅದೇ ತೇಲುವ ಡಬ್ಬಿಯಲ್ಲಿ ಹಾಕಬಹುದೇ?

ಉತ್ತರ: ಕಡಲೆಪುರಿ (ಓಹಾಯೊ)

ಅಣ್ಣಾ, ದಯವಿಟ್ಟು ಹಾಗೆ ಮಾಡಲೇಬೇಡಿ! ಇದಕ್ಕಾಗಿಯೇ ಲಾಗಿನ್ ಆಗಿ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಮ್ಮ ಯಜಮಾನರು ಅರ್ಧ ಕರಗಿದ ಬಿಲ್ಲೆಯಿದ್ದ ಡಬ್ಬಿಗೆ, ಉಳಿದಿತ್ತು ಎಂದು ಒಂದು ಲೋಟ ಕ್ಯಾಲ್ಷಿಯಂ ಹೈಪೋಕ್ಲೋರೈಟ್ ಹರಳನ್ನು ಸುರಿದು ಮುಚ್ಚಳ ತಿರುಗಿಸಿದರು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಒಗ್ಗರಣೆಗೆ ನೀರು ಬಿದ್ದಂತೆ ಚುರುಗುಟ್ಟಿ, ಮುಚ್ಚಳ ಹಾರಿ, ಹಳದಿ ಹೊಗೆ ಎದ್ದಿತು. ಅವರು ಗಾಳಿಗೆ ಎದುರಾಗಿ ಓಡಿದ್ದರಿಂದ ಕೆಮ್ಮಿನಲ್ಲಿಯೇ ಮುಗಿಯಿತು. ಟ್ರೈಕ್ಲೋರ್ ಮತ್ತು ಕ್ಯಾಲ್ಷಿಯಂ ಹೈಪೋಕ್ಲೋರೈಟ್ ಎರಡರ ಹೆಸರಿನಲ್ಲಿಯೂ ಕ್ಲೋರಿನ್ ಇದೆ ಎಂದ ಮಾತ್ರಕ್ಕೆ ಅವು ನೆಂಟರಲ್ಲ. ಕೂಡಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಒಂದರ ಲೋಟವನ್ನು ಇನ್ನೊಂದಕ್ಕೆ ಬಳಸಬಾರದು, ಒಂದೇ ಕಪಾಟಿನಲ್ಲಿ ಮೇಲೆ ಕೆಳಗೆ ಇಡಲೂಬಾರದು. ಪಿಎಚ್ ಇಳಿಸಲು ತರುವ ಮ್ಯೂರಿಯಾಟಿಕ್ ಆಮ್ಲದ ಕ್ಯಾನನ್ನು ದ್ರವ ಕ್ಲೋರಿನ್ನಿನ ಪಕ್ಕದಲ್ಲಿ ಇಡುವುದೂ ಅಷ್ಟೇ ಕೆಟ್ಟದ್ದು, ಎರಡೂ ಬೆರೆತರೆ ಏಳುವುದು ಕ್ಲೋರಿನ್ ಅನಿಲ. ಬಕೆಟಿನಲ್ಲಿ ಕರಗಿಸಬೇಕಾದಾಗ ಮೊದಲು ನೀರು ತುಂಬಿಸಿ ಅದಕ್ಕೆ ರಾಸಾಯನಿಕ ಹಾಕಬೇಕೇ ಹೊರತು ರಾಸಾಯನಿಕದ ಮೇಲೆ ನೀರು ಸುರಿಯಬಾರದು.

ಉಳಿದ ಬಿಲ್ಲೆಗಳನ್ನು ಎಸೆಯಬೇಕಾಗಿಲ್ಲ. ನಾವು ನಾಲ್ಕೈದು ದಿನ ಪ್ರವಾಸ ಹೋಗುವಾಗ ಮಾತ್ರ ತೇಲುವ ಡಬ್ಬಿಗೆ ಎರಡು ಹಾಕಿ ಹೋಗುತ್ತೇವೆ. ಇಡೀ ಬೇಸಿಗೆಗೆ ಐದಾರು ಬಿಲ್ಲೆ ಹೋದರೆ ಆಮ್ಲ ಅಷ್ಟೊಂದು ಏರುವುದಿಲ್ಲ. ದ್ರವ ಕ್ಲೋರಿನ್ನಿಗೆ ಪೂಲ್ ಅಂಗಡಿಯೇ ಆಗಬೇಕೆಂದಿಲ್ಲ, ದಿನಸಿ ಅಂಗಡಿಯ ಸಾದಾ ಬ್ಲೀಚೂ ಅದೇ ವಸ್ತು, ಶಕ್ತಿ ಕಡಿಮೆ ಅಷ್ಟೆ. ಪರಿಮಳ ಬೆರೆಸಿದ್ದು ಬೇಡ, ಎರಚದಂತೆ ಮಂದ ಮಾಡಿದ್ದೂ ಬೇಡ. ಬಿಸಿಲಿಗೆ ಇಟ್ಟರೆ ಅದರ ಶಕ್ತಿ ಬೇಗ ಕುಂದುತ್ತದೆ, ಆದ್ದರಿಂದ ಎರಡು ವಾರಕ್ಕೆ ಸಾಕಾಗುವಷ್ಟನ್ನೇ ತನ್ನಿ.

ಇನ್ನೊಂದು ವಿಷಯವನ್ನು ಇಲ್ಲಿಯ ಅಮೆರಿಕನ್ನರು ಯಾರೂ ನಿಮಗೆ ಹೇಳಿರಲಾರರು: ತಲೆಗೆ ಹಾಕುವ ಎಣ್ಣೆ. ನಮ್ಮತ್ತೆ ಬಂದಿದ್ದ ವರ್ಷ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದರು, ಮಕ್ಕಳು ಅದೇ ತಲೆಯಲ್ಲಿ ನೀರಿಗೆ ಧುಮುಕುತ್ತಿದ್ದವು. ಸಂಜೆಗೆ ನೀರಿನ ಅಂಚಿನ ಸುತ್ತಲೂ ಬೆರಳಗಲದ ಜಿಡ್ಡಿನ ಪಟ್ಟೆ, ಅದರ ಮೇಲೆ ಸನ್‌ಸ್ಕ್ರೀನ್, ಅದರ ಮೇಲೆ ಸತ್ತ ಹುಳ. ಹಾಕಿದ ಕ್ಲೋರಿನ್ನೆಲ್ಲ ಆ ಜಿಡ್ಡಿಗೇ ಖರ್ಚಾಗುತ್ತಿತ್ತು, ಫಿಲ್ಟರ್ ಉರುಳೆ ಬೆಣ್ಣೆಕಾಗದದಂತಾಗಿತ್ತು. ಈಗ ಹಿತ್ತಲ ಬಾಗಿಲಲ್ಲಿ ಒಂದು ಮೆದುಗೊಳವೆ ಇಟ್ಟಿದ್ದೇವೆ. ಎಣ್ಣೆ ಹಚ್ಚಿದ ದಿನ ಸೀಗೆ ಹಾಕಿ ತಲೆ ತೊಳೆಯದವರಿಗೆ ಕೊಳ ಇಲ್ಲ, ಉಳಿದ ದಿನ ಒಂದು ನಿಮಿಷವಾದರೂ ಮೈಮೇಲೆ ನೀರು ಹಾಯಿಸಿಕೊಂಡೇ ಇಳಿಯಬೇಕು. ಹೊಟ್ಟೆ ಕೆಟ್ಟಿರುವ ಮಗುವನ್ನು, ಅದು ಎಷ್ಟೇ ಅತ್ತರೂ, ನೀರಿಗೆ ಬಿಡುವುದಿಲ್ಲ. ನೀರುಗಂಟಿಯವರು ಹೇಳಿದ ಆ ಹತ್ತು ದಿನದ ಕ್ರಿಪ್ಟೋ ಬರುವುದೇ ಆ ದಾರಿಯಲ್ಲಿ. ವೈದ್ಯರು ಕ್ರಿಪ್ಟೋ ಎಂದು ಹೇಳಿದ್ದರಂತೂ ಭೇದಿ ನಿಂತ ಮೇಲೂ ಎರಡು ವಾರ ಬಿಡಬಾರದು.

ತುಂಗಾತೀರ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕೊಳದಲ್ಲಿ ಒಂದು ಅಡಿ ನೀರು ಉಳಿಸಿ ಮಿಕ್ಕದ್ದನ್ನು ಬದಲಿಸಿದೆ. ಸಯನ್ಯೂರಿಕ್ ಆಮ್ಲ 40ಕ್ಕೆ ಬಂತು. ಕ್ಲೋರಿನ್ ಏರಿಸಿದ ಮೊದಲ ರಾತ್ರಿಯಲ್ಲಿ 16 ಇದ್ದದ್ದು ಬೆಳಿಗ್ಗೆಗೆ 9ಕ್ಕೆ ಇಳಿದಿತ್ತು, ಎರಡನೆಯ ರಾತ್ರಿ ಮೂರು ಪಿಪಿಎಂ ಹೋಯಿತು, ನಾಲ್ಕನೆಯ ರಾತ್ರಿ ಬರೀ ಅರ್ಧ. ನೀರು ಹಸಿರಿನಿಂದ ಬೂದುಬಣ್ಣಕ್ಕೆ ತಿರುಗಿದಾಗ ನಾನು ಕೆಟ್ಟೆನೆಂದುಕೊಂಡೆ. ಅದು ಸತ್ತ ಪಾಚಿಯೆಂದು ಫಿಲ್ಟರ್ ತೊಳೆದಾಗ ತಿಳಿಯಿತು. ಏಣಿಯ ಟೊಳ್ಳು ಕಾಲಿನೊಳಗೆ ಇನ್ನೊಂದಷ್ಟು ಲೋಳೆ ಅಡಗಿತ್ತು, ಅದನ್ನು ಬಿಚ್ಚಿ ತೊಳೆಯುವವರೆಗೂ ರಾತ್ರಿಯ ಲೆಕ್ಕ ಸರಿಬರಲಿಲ್ಲ.

ಈಗ ಪ್ರತಿ ಸಂಜೆ ಕಾಫಿ ಕುಡಿದ ಮೇಲೆ ಮಾವನವರೇ ಹನಿ ಎಣಿಸುತ್ತಾರೆ. ಬಿಸಿಲಿನ ದಿನ ಮೂರು ಪಿಪಿಎಂನಷ್ಟು ಇಳಿದಿರುತ್ತದೆ, ಅದಕ್ಕೆ 760 ಮಿಲಿಲೀಟರ್ ದ್ರವ ಕ್ಲೋರಿನ್ನನ್ನು ಪಂಪಿನ ನೀರು ಮರಳಿ ಬೀಳುವ ಬಾಯಿಯ ಎದುರು ನಿಧಾನವಾಗಿ ಸುರಿಯುತ್ತೇನೆ. ಮಕ್ಕಳು ಮೊನ್ನೆಯಿಂದ ಇಳಿಯುತ್ತಿದ್ದಾರೆ, ಕಣ್ಣು ಕೆಂಪಾಗಿಲ್ಲ. ಕೊನೆಯ ಪ್ರಶ್ನೆ: ಲೇಬರ್ ಡೇ ಆದ ಮೇಲೆ ಈ ನೀರನ್ನು ಹುಲ್ಲಿನ ಮೇಲೆ ಬಿಡಬಹುದೇ? ಮುಂದಿನ ವರ್ಷ ಮಡಚಿಡದೆ ಹಾಗೆಯೇ ಚಳಿಗಾಲ ಕಳೆಯಬಹುದೇ ಎಂಬ ಯೋಚನೆಯೂ ಇದೆ.

ಉತ್ತರ: ಕೊಡಚಾದ್ರಿ (ಕನೆಕ್ಟಿಕಟ್)

ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ನಾಲ್ಕೈದು ಬಿಸಿಲು ಕಾಯಿಸಿ, ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಮೂಡದ ಮೇಲೆ ಹುಲ್ಲಿನ ಮೇಲೆ ನಿಧಾನವಾಗಿ ಬಿಡಬಹುದು. ಬೀದಿಯ ಮಳೆನೀರಿನ ಚರಂಡಿಗೆ ಬಿಡುವ ಮುನ್ನ ನಿಮ್ಮ ಟೌನ್‌ಶಿಪ್ಪಿನ ನಿಯಮವನ್ನು ಕೇಳಿಕೊಳ್ಳಿ, ಆ ಚರಂಡಿಯ ನೀರು ನೇರವಾಗಿ ಹಳ್ಳ ಸೇರುತ್ತದೆ. ಒಂದು ಎಚ್ಚರಿಕೆ ಮಾತ್ರ ನೆನಪಿರಲಿ: ಕ್ಲೋರಿನ್ ಬಹಳ ಹೆಚ್ಚಾಗಿದ್ದಾಗಲೂ ಪಟ್ಟಿಯ ಗುಲಾಬಿ ಬಿಳಿಚಿಕೊಂಡು ಸೊನ್ನೆಯೆಂದು ತೋರಬಹುದು. ಕೊನೆಯ ಸಲ ಯಾವಾಗ ಎಷ್ಟು ಹಾಕಿದಿರಿ ಎಂಬುದನ್ನು ಬರೆದಿಟ್ಟಿದ್ದರೆ ಮೋಸಹೋಗುವುದಿಲ್ಲ.

ನೀರನ್ನು ಚಳಿಗಾಲಕ್ಕೆ ಹಾಗೆಯೇ ಬಿಡುವುದಾದರೆ, ಮೊದಲು ನಿಮ್ಮ ಕೊಳದ ಕೈಪಿಡಿಯಲ್ಲಿ ಅದಕ್ಕೆ ಒಪ್ಪಿಗೆ ಇದೆಯೇ ನೋಡಿ. ಇಂಥ ಚೌಕಟ್ಟಿನ ಕೊಳಗಳು ಹಿಮಗಟ್ಟುವ ಊರಿಗೆ ಹೇಳಿಸಿದವಲ್ಲ. ನನ್ನದು ಗಟ್ಟಿ ಗೋಡೆಯದ್ದಾದ್ದರಿಂದ ಬಿಡುತ್ತೇನೆ. ಒಂದು ವಸಂತದಲ್ಲಿ ಹೊದಿಕೆ ತೆಗೆದಾಗ ಶರತ್ಕಾಲದಲ್ಲಿ 40 ಇದ್ದ ಸಯನ್ಯೂರಿಕ್ ಆಮ್ಲ ಸೊನ್ನೆಯಾಗಿತ್ತು. ಖುಷಿಪಟ್ಟು ಕ್ಲೋರಿನ್ ಹಾಕಿದರೆ ಹತ್ತು ನಿಮಿಷದಲ್ಲಿ ಅದೂ ಸೊನ್ನೆ. ಕ್ಲೋರಿನ್ ಇಲ್ಲದೆ ಬಿಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಆ ಆಮ್ಲವನ್ನು ಅಮೋನಿಯಾ ಮಾಡಿಟ್ಟಿದ್ದವು. ಅದು ಮುಗಿಯುವವರೆಗೆ ನಾನು ಹಾಕಿದ್ದೆಲ್ಲ ಅದಕ್ಕೇ ಆಹಾರವಾಯಿತು, ಮೂರು ದಿನ ಕ್ಯಾನುಗಳನ್ನು ಹೊತ್ತೆ. ಬೇಸಿಗೆಯಲ್ಲಿ ನೀರು ಚೆಲ್ಲದೆ ಹೋಗದ ವಸ್ತು ಚಳಿಗಾಲದಲ್ಲಿ ಹೀಗೂ ಮಾಯವಾಗುತ್ತದೆ ಎಂದು ಅಂದು ಗೊತ್ತಾಯಿತು. ಅಂದಿನಿಂದ ನೀರು ಕೈಗೆ ಕೊರೆಯುವಷ್ಟು ತಣ್ಣಗಾದ ಮೇಲೆಯೇ, ಕ್ಲೋರಿನ್ ಏರಿಸಿಯೇ ಹೊದಿಕೆ ಹಾಕುತ್ತೇನೆ, ಮಾರ್ಚ್ ಕೊನೆಗೆ ಒಂದು ಮೂಲೆ ಎತ್ತಿ ಅಳೆಯುತ್ತೇನೆ.